ಎರಡನೇ ಜ್ವರ

ಮಾರ್ಗಶಿರದ ರಾತ್ರಿ, ಎರಡೂವರೆಗೆ
ಮೇಲೂರಿನಿಂದ ಫೋನು:
"ದಸ್ತಗೀರಣ್ಣ, ಚಾಕಿ ಮನೆ ಹೀಟರು ಹೋಯ್ತು,
ಹುಳಕ್ಕೆ ಜ್ವರ ಬರೋ ಹೊತ್ತು."

ಜ್ವರ ಬರಲೆಂದು ಹರಕೆ ಹೊರುವ ಮನೆ
ನಮ್ಮ ಸೀಮೆ ಬಿಟ್ಟರೆ ಇನ್ನೆಲ್ಲಿ?

ಶಿಡ್ಲಘಟ್ಟದಿಂದ ಹ್ಯಾಂಡಲು ಹಿಡಿದು ಬಂದ ಬೆರಳು
ಬಾಗಿಲಲ್ಲಿ ಬಿಚ್ಚಲೇ ಇಲ್ಲ.
ಪಿಳ್ಳಮ್ಮ ಸುಣ್ಣದ ಪುಡಿ ತುಳಿಸಿ, ಕೈ ತೊಳೆಸಿ
ಒಳಗೆ ಬಿಟ್ಟಳು.
ಇಪ್ಪತ್ತೊಂದು ಡಿಗ್ರಿ. ಬೇಕಾದ್ದು ಇಪ್ಪತ್ತೇಳು.
ಬೋಸಿಯಲ್ಲಿ ಇದ್ದಿಲು ಬೂದಿಯಾಗುತ್ತಿತ್ತು.

ಹೀಟರಿನ ಬೆನ್ನು ಬಿಚ್ಚಿದೆ:
ಸೊಪ್ಪಿನ ದೂಳು, ಒಂದು ಒಣ ಹಲ್ಲಿ,
ನಡುವೆ ತುಂಡಾದ ಕಾಯಿಲ್.
ಕೂದಲೆಳೆಯಷ್ಟು ಸಂದು,
ಅಷ್ಟರಲ್ಲೇ ನುಗ್ಗಿತ್ತು ಇಡೀ ಚಳಿ.
ದೀಪಾವಳಿಗೆ ಮೊದಲು ಒರೆಸಿಡಿ ಅಂತ
ಹೋದ ವರ್ಷವೇ ಹೇಳಿದ್ದೆ.
ಈಗ ಹೇಳಲಿಲ್ಲ.
ತುದಿಗೆ ತುದಿ ಹೆಣೆದು ಸ್ಕ್ರೂ ಬಿಗಿದೆ.

ಕೆಂಪಾಯಿತು.

ಬಾಂಗಿಗೆ ಮೊದಲು
ಒಂದು ಹುಳ ತಲೆಯೆತ್ತಿ ಸುಮ್ಮನಾಯಿತು.
ಆಮೇಲೆ ಅದರ ಪಕ್ಕದ್ದು. ಆಮೇಲೆ ತಟ್ಟೆಗೆ ತಟ್ಟೆಯೇ
ಎಲೆ ಮರೆತು ನಿಂತಿತು.
"ಬಂತು" ಅಂದಳು ಪಿಳ್ಳಮ್ಮ,
ನೆಂಟರ ಗಾಡಿ ಕಂಡವಳ ಹಾಗೆ.

ಇನ್ನೂರು ರೂಪಾಯಿ, ಒಂದು ಲೋಟ ಕಾಫಿ.
ಬೆರಳು ಆಗತಾನೇ ನನ್ನವಾಗಿದ್ದವು.
ಹೊರಗೆ ನನ್ನ ಟಿವಿಎಸ್ಸು
ಹನ್ನೊಂದು ಕಿಕ್ಕಿಗೂ ಏಳಲಿಲ್ಲ.