ಆಗ್ತೈತ್ರಿ

ಉದ್ಯಮಬಾಗ, ತಗಡಿನ ಛಾವಣಿ,
ಜುಲೈ ತಿಂಗಳ ಬೆಳಗಾವಿಯ ಬಿಡದ ಜಿಟಿಜಿಟಿ.
ನನ್ನ ಮೇಜಿನ ಹಿಂದೆ ಗೋಡೆಯುದ್ದಕ್ಕೂ ಒಂದು ಹಾಳೆ:
ನೂರಾ ನಲವತ್ತು ಪಂಪಿನ ಕವಚ, ಆರು ವಾರ,
ಹಸಿರು ಪಟ್ಟಿ, ಹಳದಿ ಪಟ್ಟಿ,
ಒಂದರ ಬಾಲಕ್ಕೆ ಇನ್ನೊಂದರ ಮೂತಿ,
ನಡುವೆ ಕೂದಲೂ ತೂರದ ಹಾಗೆ.
ಎಷ್ಟು ಚೆಂದ ಕಾಣುತ್ತಿತ್ತೆಂದರೆ
ಊಟದ ಡಬ್ಬಿಯನ್ನೂ ಅದರ ಎದುರೇ ಕೂತು ಬಿಚ್ಚುತ್ತಿದ್ದೆ.

ದಿನಾ ಎಂಟೂಕಾಲಿಗೆ ಒಂದು ಸುತ್ತು.
ಕೋರ್ ಮಾಡುವ ಶೇವಂತಾಬಾಯಿಗೆ: ಎಷ್ಟಾತು?
ಕುಲುಮೆಯ ಭರಮಣ್ಣನಿಗೆ: ಎಷ್ಟಾತು?
ಅಚ್ಚು ಕಟ್ಟುವ ಕಿಲ್ಲೇದಾರ ಮಾಮಾಗೂ ಅದೇ.
ಮೂವರದೂ ಒಂದೇ ಉತ್ತರ: ಆಗ್ತೈತ್ರಿ.
ನಾನು ಬರೆದುಕೊಳ್ಳುತ್ತಿದ್ದೆ: ಆಗುತ್ತಿದೆ.
ಹಸಿರು.

ಮೂರನೇ ಶನಿವಾರ ಅಚ್ಚು ಒಡೆದು ನೋಡಿದರೆ
ಇಪ್ಪತ್ತೆರಡು ಕವಚಗಳ ಹೊಟ್ಟೆಯಲ್ಲಿ ಗಾಳಿಗುಳ್ಳೆ.
ಭರಮಣ್ಣ ಒಂದನ್ನು ಬೆಳಕಿಗೆ ಹಿಡಿದು, ಸುಮ್ಮನೆ ಇಳಿಸಿದ.
ಕಂಪ್ರೆಸರ್ ಮಾತ್ರ ತನ್ನ ಪಾಡಿಗೆ ಯಾರನ್ನೋ ಬೈಯುತ್ತಿತ್ತು.
'ಉಸುಕು ಹಸಿ ಇತ್ರಿ,' ಅಂದರು ಮಾಮಾ,
'ಮಂಗಳವಾರನ ಗೊತ್ತಾಗಿತ್ತು.'
ಮಂಗಳವಾರ!
'ಮತ್ತ ಯಾಕ ಹೇಳಲಿಲ್ಲ?'
ಕೈಯನ್ನು ಹೆಗಲ ವಸ್ತ್ರಕ್ಕೆ ಒರೆಸಿ,
ಸಿಟ್ಟಿಲ್ಲದೆ, ಲೆಕ್ಕ ಒಪ್ಪಿಸುವ ಹಾಗೆ:
'ನೀವು ಕೇಳಿದ್ದು ಎಷ್ಟಾತು ಅಂತ, ಬಾಯಾರ.
ಹ್ಯಾಂಗೈತಿ ಅಂತ ಕೇಳಲಿಲ್ಲ.'

ಎರಡನೇ ಗೇಟಿನಲ್ಲಿ ಗೂಡ್ಸು ದಾಟುವ ತನಕ
ಸ್ಕೂಟಿ ಬಂದ್ ಮಾಡಿ, ರೇನ್‌ಕೋಟಿನೊಳಗೆ ಬೆವರುತ್ತ,
ವ್ಯಾಗನ್ ಎಣಿಸಿದೆ. ಐವತ್ತೆಂಟು.
ಎಣಿಸುವುದು ಬಿಟ್ಟರೆ ನನಗೆ ಇನ್ನೇನು ಬರುತ್ತದೆ?
ಹನ್ನೆರಡು ವರ್ಷ, ಎರಡು ಸರ್ಟಿಫಿಕೇಟು,
ಒಂದೇ ಒಂದು ಪ್ರಶ್ನೆ.

ಸೋಮವಾರ ಮಾಮಾನ ಪಕ್ಕ ಕುಕ್ಕರಗಾಲಲ್ಲಿ ಕೂತೆ.
ಉಸುಕು ಹಿಂಡಿ, ಮುರಿದು ನೋಡಬೇಕು:
ಅಂಚು ಚೂಪಾಗಿ ನಿಲ್ಲಬೇಕು, ಬೆರಳಿಗೆ ಅಂಟಬಾರದು.
ಇಷ್ಟು ತಿಳಿಯಲು ನನ್ನ ಅಂಗೈಗೆ ನಾಲ್ಕು ದಿನ ಬೇಕಾಯಿತು.
ಅಚ್ಚಿನ ನೆತ್ತಿಗೆ ಅವರೊಂದು ಕೊಳವೆ ಬಿಡುತ್ತಿದ್ದರು, ರೈಸರ್.
ಆರುವಾಗ ಕಬ್ಬಿಣ ಕುಗ್ಗುತ್ತದೆ;
ಆಗ ಕುಡಿಯಲು ಮೇಲೊಂದಿಷ್ಟು ಬಿಸಿ ರಸ ಉಳಿದಿರಬೇಕು.
ಆಮೇಲೆ ಅದನ್ನು ಕೊಯ್ದು ಮತ್ತೆ ಕುಲುಮೆಗೆ.
'ಬಿಲ್ಲಿನ್ಯಾಗ ಬರೂದಿಲ್ಲ,' ಅಂದರು,
'ಆದ್ರ ಅದು ಇಲ್ಲಂದ್ರ ಒಳಗ ಪೊಳ್ಳು.'
ನನಗೆ ಗೋಡೆಯ ಹಾಳೆ ನೆನಪಾಯಿತು,
ಕೂದಲೂ ತೂರದ ಹಾಳೆ.

ಹರಿದು ಒಗೆಯಲಿಲ್ಲ, ಅಷ್ಟು ಧೈರ್ಯವಿಲ್ಲ.
ಪ್ರತಿ ವಾರದ ಕೊನೆಗೆ ಅರ್ಧ ದಿನ ಬಿಳಿ ಬಿಟ್ಟೆ.
'ಇದೇನು ಖಾಲಿ?' ಅಂದರು ಸಾಹುಕಾರರು.
'ರೈಸರ್,' ಅಂದೆ.
ಅವರಪ್ಪನೂ ಎರಕದವರೇ. ಮುಂದೆ ಕೇಳಲಿಲ್ಲ.
ಕೊಲ್ಹಾಪುರಕ್ಕೆ ಫೋನು ಹಚ್ಚಿದೆ, ಅವರು ಹಚ್ಚುವ ಮೊದಲೇ:
ಎಂಟು ದಿನ ತಡವಾಗುತ್ತದೆ.
ಆ ಕಡೆಯ ಬೈಗುಳ ಮುಗಿಯುವಷ್ಟರಲ್ಲಿ
ನನ್ನ ಚಹಾ ಕೆನೆಗಟ್ಟಿತ್ತು.
ಕೆನೆ ಸರಿಸಿ ಕುಡಿದೆ.

ಈಗಲೂ ಎಂಟೂಕಾಲಿಗೆ ಸುತ್ತು.
ಈಗ ಕೇಳುವುದು: ಎಲ್ಲಿ ತಡದೈತಿ?
ಮೊದಲ ವಾರ ಯಾರೂ ಬಾಯಿ ಬಿಡಲಿಲ್ಲ.
ಎರಡನೇ ವಾರ ಶೇವಂತಾಬಾಯಿ, ನೆಲ ನೋಡುತ್ತ:
'ಆ ಒಲೀ ಬಾಗಲಾ ಪೂರಾ ಮುಚ್ಚೂದಿಲ್ರಿ,
ಎರಡ ವರ್ಷ ಆತು.'
ಬಿಜಾಗರಿಗೆ ನೂರಾ ಹತ್ತು ರೂಪಾಯಿ.

ಇನ್ನು ಆ ಪದ.
ಅದರೊಳಗೆ ಆಯಿತು ಅನ್ನುವುದೂ ಇದೆ, ಆಗಲಿಕ್ಕಿಲ್ಲ ಅನ್ನುವುದೂ;
ಸುಮ್ಮನೆ ಹೋಗಿರಿ ಅನ್ನುವುದು,
ಒಂದೊಂದು ಸಲ, ನಿಂತು ಇನ್ನೊಮ್ಮೆ ಕೇಳಿರಿ ಅನ್ನುವುದು.
ಕಿವಿ ಸಾಲದು, ಕೈ ನೋಡಬೇಕು.
ಇವತ್ತು ಮಾಮಾ ತಲೆ ಎತ್ತದೆ ಅಂದರು: ಆಗ್ತೈತ್ರಿ.
ಡೈರಿ ಮುಚ್ಚಿ ಪಕ್ಕದಲ್ಲಿ ಕೂತೆ.
'ಇದು ಯಾವ ಆಗ್ತೈತ್ರಿ, ಮಾಮಾ?'
ಅವರು ಮುಷ್ಟಿ ಬಿಚ್ಚಿ
ಉಸುಕನ್ನು ನನ್ನ ಕೈಗಿಟ್ಟರು.