ಗಾಳಿಸುವ ಬಟ್ಟೆ

ಹಿದ್ದ್ ಊರಿನ ಕಚೇರಿಯ ಕಿಟಕಿಯಾಚೆ
ಕಡಲನ್ನು ಕುಡಿಯುವ ನೀರು ಮಾಡುವ ಸ್ಥಾವರ.
ಅದರ ಕ್ಲೋರಿನ್ ಪಂಪಿಗೆ ಎಷ್ಟು ಹನಿ ಎಂದು ಹೇಳುವ
ಮೂವತ್ತೊಂದು ಸಾವಿರ ಸಾಲುಗಳು ನಮ್ಮವು.
ಜುಲೈ. ಗಾಜಿನ ಹೊರಮೈ ಬೆವರಿದೆ,
ಒಳಗೆ ನಾವು ಸ್ವೆಟರ್ ಹಾಕಿ ಕೂತಿದ್ದೇವೆ.

ಕೆಲಸ ಇಷ್ಟೇ: ಕೋಡನ್ನು ಓಡಿಸದೆ, ಬರೀ ಓದಿ
ತಪ್ಪು ತೋರಿಸುವ ಸಾಧನವೊಂದನ್ನು ಆರಿಸುವುದು.
ಮೂರು ಕಂಪನಿ, ಮೂರು ವಾರದ ಬಿಟ್ಟಿ ಪರೀಕ್ಷೆ.

ನಾನು ನೀರು ಗಾಳಿಸಿ ಕುಡಿಯುವ ಮನೆಯವನು.
ಕೊಡದ ಬಾಯಿಗೆ ಬಟ್ಟೆ ಕಟ್ಟುವ ಮುನ್ನ ಅಜ್ಜಿ
ಬೆಳಕಿಗೆ ಹಿಡಿದು ಎಳೆ ನೋಡುತ್ತಿದ್ದಳು:
ತೆಳುವಾದರೆ ಹುಳ ಇಳಿಯುತ್ತದೆ,
ದಪ್ಪವಾದರೆ ನೀರೇ ಇಳಿಯದು, ಆಗ ಸೊಸೆಯಂದಿರು
ನಾನು ಅತ್ತ ತಿರುಗಿದೊಡನೆ ಬಟ್ಟೆ ಸರಿಸಿ ಮೊಗೆಯುತ್ತಾರೆ.
(ಮೊಗೆಯುತ್ತಿದ್ದರು. ನಾನು ಕಂಡಿದ್ದೇನೆ.)
ಗಾಳಿಸಿ ಮುಗಿದ ಮೇಲೆ ಬಟ್ಟೆ ಮಗುಚಿ
ಉಳಿದದ್ದನ್ನು ಅದೇ ಬಾವಿಗೆ ತೊಳೆದು ಬಿಡುವಳು,
ಅವುಗಳ ಮನೆ ಅಲ್ಲೇ ತಾನೆ.

ಎರಡು ವರ್ಷ ಹಳೆಯ ಪ್ರತಿಯೊಂದನ್ನು ತೆಗೆದೆವು.
ಮುಂದೆ ನಮ್ಮ ರಾತ್ರಿಗಳನ್ನು ತಿಂದ ಒಂಬತ್ತು ತಪ್ಪುಗಳು
ಇನ್ನೂ ನಿದ್ದೆಯಲ್ಲಿರುವ ಪ್ರತಿ.
ಎಬ್ಬಿಸಲಿ ನೋಡೋಣ, ಎಂದಳು ಲುಲ್ವಾ.

ಮೊದಲನೆಯದು ನಾಲ್ಕು ಸಾವಿರದ ಮುನ್ನೂರ ಹನ್ನೆರಡು ಸಲ ಕೂಗಿತು.
ಖಾಲಿ ಜಾಗ ಹೆಚ್ಚಾಯಿತು, ಹೆಸರು ಉದ್ದವಾಯಿತು,
ಆವರಣ ಇಲ್ಲಿರಬಾರದು, ಕೆಳಗಿರಬೇಕು.
ಆ ಗದ್ದಲದೊಳಗೆ ಒಂಬತ್ತರಲ್ಲಿ ಎಂಟು ಇದ್ದವು, ನಿಜ.
ಎರಡನೇ ದಿನ ಶಿಬು ಇಡೀ ಪಟ್ಟಿಗೆ ಗುರುತು ಹಾಕಿ
ಒಂದೇ ಗುಂಡಿಯಲ್ಲಿ ಮಲಗಿಸಿಬಿಟ್ಟ.
ಬಟ್ಟೆ ಸರಿಸುವ ಕೈ. ನಾನೇನೂ ಅನ್ನಲಿಲ್ಲ.

ಎರಡನೆಯದು ಮರ್ಯಾದಸ್ಥ, ಹನ್ನೊಂದೇ ಮಾತು.
ಮ್ಯಾನೇಜರ್ ಅಬ್ದುಲ್‌ನಬಿ ಸಾಹೇಬರಿಗೆ ಬಹಳ ಹಿಡಿಸಿತು:
ನೋಡಿ, ನಿಮ್ಮ ಕೋಡ್ ಎಷ್ಟು ಸ್ವಚ್ಛ!
ಸಿಕ್ಕಿದ್ದು ಎರಡು.

ಮೂರನೆಯದು ಅರವತ್ತನಾಲ್ಕು ಹೇಳಿತು, ಆರು ಹಿಡಿಯಿತು.
ಜೊತೆಗೆ ಯಾರೂ ಕೇಳದ ಹತ್ತನೆಯದೊಂದು:
ಸಾಲು ಆರುನೂರ ಹದಿನೆಂಟು.
ಸೆನ್ಸರ್ ಉತ್ತರ ಕೊಡದೆ ಹೋದರೆ
ಈ ಅಳತೆಗೆ ಯಾವ ಬೆಲೆಯನ್ನೂ ಇಟ್ಟಿಲ್ಲ,
ಮೆಮೊರಿಯ ಆ ಮೂಲೆಯಲ್ಲಿ ಏನು ಬಿದ್ದಿತ್ತೋ ಅದೇ ಡೋಸು.

ಬರೆದವರು: ಧ.
ಏಳು ವರ್ಷದ ಹಿಂದೆ, ಗುರುವಾರ, ರಜೆಯ ಹಿಂದಿನ ಸಂಜೆ.
ಕೋಣೆಯಲ್ಲಿ ಧ ನಾನೊಬ್ಬನೇ, ಧರಣೇಂದ್ರ.
ವರದಿಯೂ ನೇರ ನನ್ನ ಹೆಸರಿಗೇ ಬಂದಿತ್ತು,
ಮಗುಚಿದ ಬಟ್ಟೆಯಿಂದ ಬಾವಿಗೆ.

ಏಳು ವರ್ಷ ಆ ಸೆನ್ಸರ್ ಒಮ್ಮೆಯೂ ಬಾಯಿ ಕಟ್ಟಲಿಲ್ಲ.
ಮುಹರ್ರಕ್‌ನ ಮಕ್ಕಳು ನಲ್ಲಿಗೆ ಬಾಯೊಡ್ಡಿ ಕುಡಿದರು,
ನನ್ನ ಮಗಳೂ.

ಲುಲ್ವಾ ಖರ್ಜೂರದ ಬೀಜವನ್ನು ತಟ್ಟೆಗಿಟ್ಟಳು.
ಮುತ್ತಿನ ದೋಣಿಯಲ್ಲಿದ್ದ ಅವಳ ಮುತ್ತಜ್ಜ
ಕಡಲ ತಳದಲ್ಲಿ ಉಕ್ಕುವ ಸಿಹಿ ಬುಗ್ಗೆಗೆ ಮುಳುಗಿ
ತೊಗಲ ಚೀಲ ತುಂಬಿಸಿ ತರುತ್ತಿದ್ದನಂತೆ.
ಉಪ್ಪು ಬೆರೆತಿದೆಯೋ ಇಲ್ಲವೋ, ನಾಲಿಗೆಗೇ ಗೊತ್ತಾಗಬೇಕು.
ನಮಗೆ ನಾಲಿಗೆಗಿಂತ ಮುಂಚೆ ಬೇಕು, ಎಂದಳು.

ಮೂರನೆಯದನ್ನೇ ಆರಿಸಿದೆವು.
ನನ್ನ ಸಾಲು ಹಿಡಿಯಿತೆಂದಲ್ಲ;
ರೋದೆಲ್ ಅದರ ಪಟ್ಟಿಯನ್ನು ಕೊನೆಯವರೆಗೂ ಓದಿದ್ದ,
ಚಹಾ ತಣ್ಣಗಾಗುವ ಮೊದಲು.
ಅದು ಬಿಟ್ಟ ಮೂರಕ್ಕೆ ತಿಂಗಳಿಗೊಂದು ನಿಯಮ ಸೇರಿಸೋಣ, ಎಂದೆ.
ಬಟ್ಟೆಗೆ ಮಡಿಕೆ ಸೇರಿಸಿದ ಹಾಗೆ,
ಎಂದು ಮಾತ್ರ ಹೇಳಲಿಲ್ಲ.

ಆರುನೂರ ಹದಿನೆಂಟನ್ನು ಅಂದೇ ತಿದ್ದಿದೆ.
ಮರುದಿನ ಅದು ಮತ್ತೆ ಅಲ್ಲೇ ಬೆರಳಿಟ್ಟಿತು.
ಈ ಸಲ ತಪ್ಪು ಅದರದ್ದು, ಮೂವರೂ ನೋಡಿದೆವು.
ಸುಮ್ಮನಾಗಿಸಲೇ? ಎಂದ ರೋದೆಲ್.
ಕಾರಣ ಬರೆದು ಸುಮ್ಮನಾಗಿಸು, ಎಂದೆ, ಹೆಸರೂ ಹಾಕು.
ಕಾರಣ ಬರೆದ. ಹೆಸರಿನ ಜಾಗಕ್ಕೆ ಬಂದಾಗ
ಕೀಲಿಯ ಮೇಲೆ ಬೆರಳು ನಿಲ್ಲಿಸಿ
ನನ್ನ ಕಡೆ ನೋಡಿದ.

ಧ, ಎಂದೆ.