ಪೋಡಿ

ಅರಸೀಕೆರೆಯಲ್ಲಿ ಕೊಂಡ ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪು.
ಲಿನಕ್ಸ್ ಕೇಳುತ್ತಿದೆ: ಡಿಸ್ಕ್ ಪೂರ್ತಿ ಅಳಿಸಲೆ?

ಇಪ್ಪತ್ತು ವರ್ಷ ಸರ್ವೆ ಸರಪಳಿ ಎಳೆದವನು,
ನೋಟಿಸಿಲ್ಲದೆ ಬಾಂದುಕಲ್ಲು ಕೀಳುವುದಿಲ್ಲ.

ರೂಟಿಗೆ ಮೂವತ್ತು ಜಿಬಿ.
ಹೋಮಿಗೆ ಬೇರೆಯೇ ಹಿಸ್ಸೆ;
ನಾಳೆ ಎಲ್ಲ ಕೆಟ್ಟು ಮತ್ತೆ ಉತ್ತರೂ
ನನ್ನ ನಕ್ಷೆಗಳ ಬದು ಒಡೆಯಬಾರದು.
ಸ್ವಾಪಿಗೆ ಅಂಚಿನ ಖರಾಬು ಸಾಕು.
ಯಾವ ದಾಯಾದಿಯೂ ಮಚ್ಚು ಹಿಡಿದು ಬರಲಿಲ್ಲ.

ಉಳಿದದ್ದು ಮೂರನೇ ನಂಬರು.
ಅಳತೆ ಇದೆ, ಹೆಸರಿಲ್ಲ, ದಾರಿ ಇಲ್ಲ.
ದಾರಿಯಿಲ್ಲದ ಹೊಲ ಇದ್ದೂ ಇಲ್ಲದ ಹಾಗೆ.
ಮೌಂಟ್ ಮಾಡಿದೆ, ಓದಲು ಮಾತ್ರ,
ಒಂದು ಕಾಲುದಾರಿ ಬಿಟ್ಟಂತೆ.

ಒಳಗೆ ಯಾರದೋ ಬಿ.ಎಡ್. ಅರ್ಜಿ,
ಒಂದೇ ನಾಯಿಯ ನಲವತ್ತು ಫೋಟೋ.
ಯಾವುದರಲ್ಲೂ ಬಾಲ ನಿಂತಿಲ್ಲ.

ಫಾರ್ಮ್ಯಾಟ್ ಚೌಕದ ಟಿಕ್ ತೆಗೆದೆ.
ಪಹಣಿಯಲ್ಲಿ ಸಾಗುವಳಿದಾರನ ಹೆಸರು ಬರೆವಂತೆ
ಮೌಂಟ್ ಪಾಯಿಂಟಿಗೆ ಬರೆದೆ:
ಸ್ಲ್ಯಾಶ್, ಕರಿಯ.